ಡಾಕ್ಟರ ಎದುರಿನ ಸ್ಟೂಲು

ಪೀಣ್ಯ ಎರಡನೇ ಹಂತದ ಆ ಕಟ್ಟಡದಲ್ಲಿ ಕೆಳಗೆ ರಟ್ಟಿನ ಪೆಟ್ಟಿಗೆಗಳ ಗೋದಾಮು, ಮೇಲೆ ರೋಗಪರೀಕ್ಷೆಯ ಲ್ಯಾಬು. ಆಸ್ಪತ್ರೆಗಳಲ್ಲಿ ಆಪರೇಷನ್ ಮಾಡಿ ತೆಗೆದ ಗಂಟು, ಗಡ್ಡೆ, ಕರುಳಿನ ತುಂಡುಗಳೆಲ್ಲ ಫಾರ್ಮಲಿನ್ ತುಂಬಿದ ಬಾಟಲಿಗಳಲ್ಲಿ ಇಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ಶೋಭಾರಾಣಿಯ ಕೆಲಸ. ಬಿ.ಎಸ್ಸಿ. ಮುಗಿಸಿ, ಲ್ಯಾಬ್ ಡಿಪ್ಲೊಮಾ ಮಾಡಿಕೊಂಡು ಅವಳು ಇಲ್ಲಿ ಸೇರಿದಾಗ ಮಗಳಿನ್ನೂ ಹುಟ್ಟಿರಲಿಲ್ಲ. ಈಗ ಆ ಮಗಳಿಗೇ ಮಗುವಾಗಿದೆ.

ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತಿ ವಾಷರ್ ಮಾಡುವ ಪವರ್ ಪ್ರೆಸ್ಸು. ಅದು ಧಡ್ ಧಡ್ ಎಂದು ಬಡಿಯುತ್ತಿದ್ದರೆ ಲ್ಯಾಬಿನ ನೆಲ ಸಣ್ಣಗೆ ನಡುಗುತ್ತದೆ. ನೆಲದ ಜೊತೆಗೆ ಕೊಯ್ಯುವ ಅಲಗೂ ನಡುಗಿ, ತೆಳು ಪದರ ಹರಿದುಹೋಗುತ್ತದೆ. ಅದಕ್ಕೇ ಶೋಭಾರಾಣಿ ಕೊಯ್ಯಲು ಕೂರುವ ಮುಂಚೆ ಕಿಟಕಿಯಿಂದ ಕೈ ಬೀಸುತ್ತಾಳೆ. ಪ್ರೆಸ್ಸಿನ ರಾಜೇಂದ್ರ ಯಂತ್ರ ನಿಲ್ಲಿಸಿ ಟೀ ಕುಡಿಯಲು ಎದ್ದು ಹೋಗುತ್ತಾನೆ. ಇದು ಯಾರೂ ಬರೆದುಕೊಡದ, ವರ್ಷಗಳಿಂದ ನಡೆದುಬಂದ ಏರ್ಪಾಡು. "ಅಲ್ಲಿ ಯಾರ್ದೋ ಜೀವದ ವಿಷ್ಯ ಇರುತ್ತಲ್ಲಕ್ಕಾ, ನಮ್ ವಾಷರ್ ಎಲ್ಲಿಗೋಯ್ತದೆ" ಎಂದಿದ್ದ ಅವನು ಒಮ್ಮೆ.

ಡಾ. ಚನ್ನವೀರಪ್ಪನವರ ಮೈಕ್ರೋಸ್ಕೋಪಿಗೆ ಎರಡು ತಲೆ. ಒಂದರಲ್ಲಿ ಅವರು ನೋಡುತ್ತಿದ್ದರೆ, ಎದುರಿನ ಸ್ಟೂಲಿನಲ್ಲಿ ಕೂತವರಿಗೂ ಅದೇ ಚಿತ್ರ ಕಾಣುತ್ತದೆ. ಆ ಸ್ಟೂಲು ಶೋಭಾರಾಣಿಯದಾಗಿತ್ತು. ದಾವಣಗೆರೆ ಕಡೆಯ ಡಾಕ್ಟರದು ಮಾತು ಕಡಿಮೆ. ಅವಳು ಬಣ್ಣ ಹಾಕಿ ಕೊಟ್ಟ ಸ್ಲೈಡು ಎಷ್ಟೇ ಚೆನ್ನಾಗಿರಲಿ, "ಹ್ಞೂಂ" ಎಂಬುದೇ ಅವರ ಬಿರುದು ಬಾವಲಿ. ಆದರೆ ಆಗೊಮ್ಮೆ ಈಗೊಮ್ಮೆ "ಬರ್ರಿ, ಇದನ್ನ ನೋಡ್ರಿ" ಎಂದು ಕರೆಯುತ್ತಿದ್ದರು. ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಎದುರಿಗೆ ಕೂರುತ್ತಿದ್ದಳು. ಕಣ್ಣುಗಳ ನಡುವಿನ ಅಂತರಕ್ಕೆ ತಕ್ಕಂತೆ ಎರಡು ಕೊಳವೆಗಳನ್ನು ತಿರುಗಿಸಿ ಹೊಂದಿಸಿಕೊಳ್ಳಬೇಕು. ಪ್ರತಿ ಸಲ ತಡಕಾಡುವುದು ಬೇಡವೆಂದು ತನ್ನ ಅಳತೆ ಬರುವ ಕಡೆ ಅವಳು ಕೆಂಪು ನೇಲ್ ಪಾಲಿಶ್ಶಿನ ಚುಕ್ಕೆ ಇಟ್ಟಿದ್ದಳು. ಸ್ಲೈಡಿನ ಅಂಚನ್ನು ಮುಚ್ಚಲು ಲ್ಯಾಬಿನಲ್ಲಿ ಆ ಬಾಟಲಿ ಯಾವಾಗಲೂ ಇರುತ್ತಿತ್ತು. ಶೋಭಾರಾಣಿಯ ಉಗುರಿಗೆ ಅದು ಒಂದು ದಿನವೂ ಬಿದ್ದದ್ದಿಲ್ಲ. ಆ ಚುಕ್ಕೆಯೇ ಅವಳ ಅಲಂಕಾರ.

ಕೃಪಾ ಬಂದ ಮೇಲೆ ಸ್ಟೂಲು ಕೈತಪ್ಪಿತು.

ಎಂ.ಎಸ್ಸಿ. ಮಾಡಿದ ಹುಡುಗಿ. ಶೋಭಾರಾಣಿಯ ಮಗಳಿಗಿಂತಲೂ ಚಿಕ್ಕವಳು, ಆದರೂ ಕರೆಯುವುದು "ಅಕ್ಕಾ" ಎಂದು. ಅದೇ ಹೊತ್ತಿಗೆ ಡಾಕ್ಟರು ಹೊಸ ಕೆಲಸವೊಂದನ್ನು ಕೈಗೆತ್ತಿಕೊಂಡಿದ್ದರು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಯಾರ ಗಡ್ಡೆ ಇದ್ದಲ್ಲೇ ಇರುತ್ತದೆ, ಯಾರದು ಮುಂದೆ ಹರಡಬಹುದು ಎಂಬುದರ ಸುಳಿವನ್ನು ಜೀವಕೋಶಗಳನ್ನು ಅಂಟಿಸಿಡುವ ಪ್ರೋಟೀನುಗಳಲ್ಲಿ ಹುಡುಕುವುದು. ಅಂಥದ್ದರಲ್ಲಿ ಒಂದು ಇ-ಕ್ಯಾಡ್‌ಹೆರಿನ್. ಒಂದು ಕೋಶ ಪಕ್ಕದ ಕೋಶದ ಕೈ ಹಿಡಿದುಕೊಳ್ಳುವುದು ಅದರಿಂದಲೇ. ಅದಕ್ಕೆಂದೇ ಇರುವ ಬಣ್ಣ ಹಾಕಿದರೆ, ಪ್ರೋಟೀನು ಇದ್ದ ಕಡೆ ಕೋಶದ ಸುತ್ತ ಕಂದು ಗೆರೆ ಮೂಡುತ್ತದೆ. ಗೆರೆ ಅಳಿಸಿದ್ದರೆ ಕೋಶಗಳು ಕೈ ಬಿಟ್ಟಿವೆ, ಎದ್ದು ಹೊರಡಬಹುದು ಎಂದರ್ಥ. "ಇದೊಂದನ್ನ ನೋಡಿ ಯಾರ ಹಣೇಬರಹಾನೂ ಬರಿಯಾಕ ಆಗಂಗಿಲ್ಲ. ಆದ್ರ ತಕ್ಕಡಿ ಯಾವ ಕಡಿ ವಾಲತೈತಿ ಅಂತ ತಿಳೀತೈತಿ" ಎನ್ನುತ್ತಿದ್ದರು ಡಾಕ್ಟರು.

ಈ ಬಣ್ಣದ ಕೆಲಸದಲ್ಲಿ ಕೃಪಾ ಕೈ ಹಾಕಿದ ಮೊದಲ ವಾರವೇ ಡಾಕ್ಟರು ಕೂಗಿದರು: "ಏನ್ ಸ್ಟೇನ್ ಇದು ಕೃಪಾ! ಚಿತ್ರ ಬಿಡಿಸಿದಂಗ ಐತಲ್ಲ! ಬರ್ರಿ, ಬರ್ರಿ, ಕೂಡ್ರಿ!"

ಮೂಲೆಯಲ್ಲಿ ಗಾಜು ತೊಳೆಯುತ್ತಿದ್ದ ಶೋಭಾರಾಣಿಗೆ ಎದೆಯ ಮೇಲೆ ಯಾರೋ ಬಿಸಿ ತಪ್ಪಲೆ ಇಟ್ಟಂತಾಯಿತು. ಇಷ್ಟು ವರ್ಷದಲ್ಲಿ ತನಗೆ ಬಾರದ ಎರಡು ವಾಕ್ಯ ಈ ಹುಡುಗಿಗೆ ಒಂದೇ ವಾರಕ್ಕೆ!

ಆ ದಿನದಿಂದ ಕೃಪಾ ಮಾಡಿದ್ದೆಲ್ಲ ಅವಳಿಗೆ ಮುಳ್ಳು. ಕೃಪಾ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ತೆಗೆದು ಮುಚ್ಚಳದಲ್ಲಿಟ್ಟು ಸರಿಸಿದರೆ, "ಡಾಕ್ಟರಿಗೆ ಕಾಣಲಿ ಅಂತ" ಅನಿಸುತ್ತಿತ್ತು. ತಿಂದರೆ ಉಪ್ಪು ಹುಳಿ ಹದವಾಗಿಯೇ ಇರುತ್ತಿತ್ತು, ಅದು ಇನ್ನೂ ಉರಿ. ಫಾರ್ಮಲಿನ್ ಡಬ್ಬ ಭಾರವೆಂದು ಕೃಪಾ ತಾನೇ ಎತ್ತಿಟ್ಟರೆ, "ನನಗೆ ವಯಸ್ಸಾಯಿತು ಅಂತ ಸಾರುತ್ತಿದ್ದಾಳೆ" ಅನಿಸುತ್ತಿತ್ತು. ಒಳ್ಳೆಯತನಕ್ಕೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟ ಇನ್ನೊಂದಿಲ್ಲ. ದೂರಲಿಕ್ಕೆ ಒಂದು ಹಿಡಿಕೆಯೂ ಸಿಗುವುದಿಲ್ಲ.

ಆದರೂ ಒಂದು ವಿಷಯ ಶೋಭಾರಾಣಿಯ ಮುಷ್ಟಿಯಲ್ಲಿತ್ತು. ಅದು ಕುಕ್ಕರು.

ಫಾರ್ಮಲಿನ್ನಿನಲ್ಲಿ ನೆನೆದ ತುಂಡಿನಲ್ಲಿ ಪ್ರೋಟೀನುಗಳೆಲ್ಲ ಗಂಟು ಬಿಗಿದು ಕೂತಿರುತ್ತವೆ. ಬಣ್ಣ ಹಿಡಿಯಬೇಕಾದರೆ ಸ್ಲೈಡುಗಳನ್ನು ಬಿಸಿಯಲ್ಲಿ ಬೇಯಿಸಿ ಆ ಗಂಟು ಸಡಿಲಿಸಬೇಕು. ದೊಡ್ಡ ಲ್ಯಾಬುಗಳಲ್ಲಿ ಅದಕ್ಕೆ ಯಂತ್ರವುಂಟು. ಇಲ್ಲಿದ್ದದ್ದು ಎಲ್ಲರ ಮನೆಯಲ್ಲಿರುವಂಥ ಪ್ರೆಶರ್ ಕುಕ್ಕರು, ಅದರ ಕೆಳಗೊಂದು ಕರೆಂಟ್ ಒಲೆ. "ಎಷ್ಟು ವಿಷಲ್ ಅಕ್ಕಾ?" ಎಂದು ಕೃಪಾ ಮೊದಲ ದಿನ ಕೇಳಿದ್ದಳು. "ಮೂರು" ಎಂದಿದ್ದಳು ಶೋಭಾರಾಣಿ. ಅದು ಸುಳ್ಳಲ್ಲ. ಆದರೆ ತುಂಡು ಬಾಟಲಿಯಲ್ಲಿ ಬಹಳ ದಿನ ನೆನೆದಿದ್ದರೆ ಮೂರು ಸಾಲದು, ಹಳೇ ಹುರುಳಿಕಾಳಿನ ಹಾಗೆ ಇನ್ನೂ ಎರಡು ಕೂಗಿಸಬೇಕು ಎಂಬುದನ್ನು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಸಾಂಬಾರ್ ಪುಡಿಯ ಅಳತೆ ಹೇಳುವಾಗ ಒಂದು ಸಾಮಾನು ಬಿಟ್ಟು ಹೇಳುವ ಓರಗಿತ್ತಿಯ ಹಾಗೆ.

ಸಂಕ್ರಾಂತಿಗೆ ಕೃಪಾ ಊರಿಗೆ ಹೋಗಿದ್ದಾಗ ಒಂದು ಬಾಟಲಿ ಬಂತು. ಮಾದನಾಯಕನಹಳ್ಳಿಯ ಹನುಮಂತರಾಯಪ್ಪ ಎಂಬುವವರ ಕರುಳಿನ ಗಡ್ಡೆ. ಹಬ್ಬಕ್ಕೆ ಮುಂಚೆ ಆಪರೇಷನ್ ಆಗಿ, ಹಬ್ಬದ ರಜೆ, ಅದರ ಹಿಂದೆಯೇ ವಾರದ ಕೊನೆ ಸೇರಿ, ಬಾಟಲಿ ಆಸ್ಪತ್ರೆಯ ಕಪಾಟಿನಲ್ಲೇ ಕೂತಿತ್ತು. ತಂದವನು "ಸಾರಿ ಮೇಡಂ, ತುಂಬಾ ಲೇಟು" ಎಂದು ಹಲ್ಲುಗಿಂಜಿ ಹೋದ. ತುಂಡು ಮುಟ್ಟಿದರೆ ರಬ್ಬರಿನ ಹಾಗೆ ಗಟ್ಟಿ. ಅದನ್ನು ಮೇಣಕ್ಕಿಳಿಸಿದವಳು ಶೋಭಾರಾಣಿಯೇ.

ಗಡ್ಡೆ ಅಕ್ಕಪಕ್ಕದ ದುಗ್ಧಗ್ರಂಥಿಗಳಿಗೆ ಹಬ್ಬಿರಲಿಲ್ಲ. ಆಪರೇಷನ್ನಿಗೇ ಬಿಟ್ಟು ಕಾಯುವುದೇ, ಇಲ್ಲ ಮುನ್ನೆಚ್ಚರಿಕೆಗೆ ಕೀಮೋ ಕೊಡುವುದೇ ಎಂದು ಸರ್ಜನ್ನರಿಗೆ ಅನುಮಾನ. ಅಂಟಿನ ಪ್ರೋಟೀನನ್ನೂ ಒಮ್ಮೆ ನೋಡಿ ಹೇಳಿ ಎಂದು ಅವರು ಕೇಳಿದರು. ಬಣ್ಣ ಹಾಕಿದವಳು ಕೃಪಾ. ಶುಕ್ರವಾರ ಬೆಳಿಗ್ಗೆ ಸ್ಲೈಡನ್ನು ಬೆಳಕಿಗೆ ಹಿಡಿದುಕೊಂಡು ಶೋಭಾರಾಣಿಯ ಹತ್ತಿರ ಬಂದಳು.

"ಅಕ್ಕಾ, ಒಂದ್ನಿಮಿಷ ನೋಡ್ತೀರಾ? ಹನುಮಂತರಾಯಪ್ಪ ಅವ್ರದ್ದು. ಪಕ್ಕದಲ್ಲಿಟ್ಟಿರೋ ಕಂಟ್ರೋಲ್ ತುಂಡು ಚೆನ್ನಾಗ್ ಬಂದಿದೆ. ಪೇಷೆಂಟ್ ತುಂಡು ಮಾತ್ರ ಪೇಲವ. ನನ್ ಸ್ಟೇನೇ ಕೆಟ್ಟಿದ್ಯೋ, ಅವ್ರ ಗಡ್ಡೇನೇ ಹಿಂಗೋ ಗೊತ್ತಾಗ್ತಿಲ್ಲ."

ಶೋಭಾರಾಣಿ ನೋಡಿದಳು. ನೋಡಿದೊಡನೆ ತಿಳಿಯಿತು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಹೋಲಿಸಲು ಇಡುವ ಕಂಟ್ರೋಲ್ ತುಂಡು ಇಲ್ಲೇ ತಯಾರಾದದ್ದು, ಹದವಾಗಿ ನೆನೆದದ್ದು. ಅದು ಮೂರು ವಿಷಲ್ಲಿಗೆ ಸರಿಯಾಗುತ್ತದೆ. ಬಾಟಲಿಯಲ್ಲಿ ಹಬ್ಬ ಮಾಡಿದ ಈ ತುಂಡು ಬೆಂದೇ ಇಲ್ಲ.

ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಸೋಮವಾರ ಆಸ್ಪತ್ರೆಯಲ್ಲಿ, ಇಂಥ ರೋಗಿಗಳಿಗೆ ಮುಂದೇನು ಎಂದು ತೀರ್ಮಾನಿಸುವ ಮೀಟಿಂಗು. ಡಾಕ್ಟರ ಜೊತೆ ಸ್ಲೈಡಿನ ಪೆಟ್ಟಿಗೆ ಹಿಡಿದು ಅಲ್ಲಿಗೆ ಹೋಗುವುದು ಇಂದಿಗೂ ತಾನೇ. ಅಲ್ಲಿ ಸರ್ಜನ್ನರೆಲ್ಲರ ಎದುರಿಗೆ, ಮೆಲ್ಲಗೆ, ಏನೂ ತಿಳಿಯದವಳ ಹಾಗೆ, "ಸಾರ್, ಇದು ಎಷ್ಟು ದಿನ ಬಾಟಲೀಲಿತ್ತು ಅಂತ ಕೃಪಾ ವಿಚಾರಿಸಿದ್ಲಾ?" ಎಂದು ಕೇಳಿದರೆ? ಚಿತ್ರ ಬಿಡಿಸಿದ ಹಾಗಿನ ಸ್ಟೇನು ಆಗ ಏನಾಗುತ್ತದೆ ನೋಡಬೇಕು. ಬರೀ ಮೂರು ದಿನ ಸುಮ್ಮನಿದ್ದರೆ ಸಾಕು.

"ಕಂಟ್ರೋಲ್ ಬಂದ್ಮೇಲೆ ಮುಗೀತಲ್ಲಮ್ಮ" ಎಂದಳು. "ಎಮ್ಮೆಸ್ಸಿ ಓದಿರೋಳು ನನ್ನನ್ನ ಕೇಳ್ತೀಯಲ್ಲ. ತಗೊಂಡ್ಹೋಗಿ ತೋರ್ಸು."

"ನೀವು ಸರಿ ಅಂದ್ರೆ ಸರಿ ಬಿಡಿ ಅಕ್ಕಾ" ಎಂದು ಕೃಪಾ ನಿರಾಳವಾಗಿ ನಕ್ಕಳು. ಆ ನಗು ಶೋಭಾರಾಣಿಗೆ ಸ್ವಲ್ಪ ಚುಚ್ಚಿತು. ಸ್ವಲ್ಪವೇ.

ಡಾಕ್ಟರು ಬಹಳ ಹೊತ್ತು ನೋಡಿದರು. ಎದುರಿನ ಸ್ಟೂಲಿನಲ್ಲಿ ಕೃಪಾ. "ಕೈ ಬಿಟ್ಟಾವಲ್ರಿ" ಎಂದರು. "ಸೋಮವಾರದ ತನಕ ಯಾಕ, ಈಗ ಒಂದ್ ಮಾತು ಹೇಳೇ ಬಿಡೋಣ." ಅಲ್ಲಿಂದಲೇ ಸರ್ಜನ್ನರಿಗೆ ಫೋನು ಹೋಯಿತು.

ಇದನ್ನು ಶೋಭಾರಾಣಿ ಎಣಿಸಿರಲಿಲ್ಲ. ಗಾಜು ಒರೆಸುತ್ತಿದ್ದ ಬಟ್ಟೆ ಕೈಯಲ್ಲೇ ನಿಂತಿತು. ಈಗಲಾದರೂ ಹೇಳಬಹುದಿತ್ತು. ಆದರೆ ಈಗ ಹೇಳಿದರೆ, ಬೆಳಿಗ್ಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಬಟ್ಟೆ ಮತ್ತೆ ಗಾಜಿನ ಮೇಲೆ ಆಡತೊಡಗಿತು.

ಶನಿವಾರ ಅವಳು ಲ್ಯಾಬಿಗೆ ಬಂದಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೈಯಲ್ಲಿ ಸ್ಟೀಲ್ ಲೋಟ, ಪಕ್ಕದಲ್ಲಿ ಒಂದು ಚೀಲ ಅವರೆಕಾಯಿ. ಲೋಟ ಕೃಪಾಳದು. ಇಲ್ಲಿಯೂ ಅವಳೇ ಮೊದಲು ಎಂದುಕೊಂಡಳು ಶೋಭಾರಾಣಿ.

"ನಾನು ಅಂಜಿನಮ್ಮ ಅಂತ. ಅನುಮಂತರಾಯಪ್ಪನ ಮನೆಯೋಳು" ಎಂದು ಹೆಂಗಸು ಎದ್ದು ನಿಂತಳು. "ಅವ್ರ ಗಡ್ಡೇದು ಗಾಜಿನ ಪಟ್ಟಿ ಒಂದು ಜೊತೆ ಇಸ್ಕಂಡ್ ಬಾ ಅಂದ್ರು ಆಸ್ಪತ್ರೇಲಿ. ಕಾಯಿ ನಮ್ ಹಿತ್ತಲದ್ದೇ ತಾಯಿ, ಸೊಗಡು ಚೆಂದಾಗದೆ, ಹಂಚ್ಕಳಿ."

"ಕೂತ್ಕೊಳ್ಳಿ, ಕೂತ್ಕೊಳ್ಳಿ."

"ಮೊದ್ಲು ಗಡ್ಡೆ ತೆಗ್ದಾಯ್ತು, ನಿಶ್ಚಿಂತೆಯಾಗಿರಿ ಅಂದಿದ್ರು. ನೆನ್ನೆ ಪೋನ್ ಮಾಡಿ, ಇಂಜೆಕ್ಸನ್ ಆಕ್ಬೇಕಾಗ್ಬೋದು, ತಿಂಗ್ಳಾನುಗಟ್ಲೆ ಅಂತಾವ್ರೆ. ಅದೇನೋ ಅಂಟು ಬಿಟ್ಟೋಗಿದ್ಯಂತೆ. ಅಂಗಂದ್ರೇನು ತಾಯಿ?"

ಶೋಭಾರಾಣಿ ಅವಳ ಪಕ್ಕದಲ್ಲಿ ಕೂತಳು. "ಹಬ್ಬಕ್ಕೆ ಕಡ್ಲೇಬೀಜದ ಉಂಡೆ ಕಟ್ತೀರಲ್ಲ? ಬೆಲ್ಲದ ಪಾಕ ಸರಿಯಾಗಿದ್ರೆ ಉಂಡೆ ಉಂಡೆಯಾಗೇ ಇರುತ್ತೆ. ಪಾಕ ಕೆಟ್ರೆ ಪುಡಿಯಾಗಿ ಚೆಲ್ಲಾಪಿಲ್ಲಿ ಆಗುತ್ತೆ. ಗಡ್ಡೇಲೂ ಅಂಥದ್ದೊಂದು ಪಾಕ ಇರುತ್ತೆ."

"ಓ!" ಅಂಜಿನಮ್ಮನಿಗೆ ಥಟ್ಟನೆ ಅರ್ಥವಾಯಿತು. "ನಮ್ಮೋರದ್ದು ಪಾಕ ಕೆಟ್ಟದೆ ಅನ್ನಿ. ಮದ್ವೆಯಾದಾಗಿಂದ ನಾನು ಅದನ್ನೇ ಯೋಳ್ತಿದ್ದೆ" ಎಂದು ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂತು. "ಪೋನ್ ಬಂದಾಗಿಂದ ತುತ್ತು ಮುಟ್ಟಿಲ್ಲ ಕಣ್ ತಾಯಿ ಅವ್ರು. ಎಮ್ಮೆ ಕೊಟ್ಬಿಡಾನ, ನಾನಿಲ್ದಿದ್ರೆ ಯಾರು ಮೇವಾಕ್ತಾರೆ ಅಂತ ಕೂತವ್ರೆ. ಕರು ಇನ್ನೂ ಆಲು ಕುಡೀತದೆ."

ಶೋಭಾರಾಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಅವಳು ಕಲ್ಪಿಸಿಕೊಂಡಿದ್ದ ಮುಖಗಳು ಡಾಕ್ಟರದು, ಸರ್ಜನ್ನರದು, ಕೆಂಪಗಾದ ಕೃಪಾಳದು. ಅಲ್ಲೆಲ್ಲೂ ಎಮ್ಮೆಯ ಹಗ್ಗ ಹಿಡಿದು ಕೂತ ಮನುಷ್ಯನಿರಲಿಲ್ಲ.

"ಅಂಜಿನಮ್ಮ, ಗಾಜಿನ ಪಟ್ಟಿ ಇವತ್ತು ಬೇಡ" ಎಂದಳು. "ಮನೆಗೆ ಹೋಗಿ. ಎಮ್ಮೆ ಮಾರ್ಬೇಡಿ. ಸಾಯಂಕಾಲ ನಾನೇ ಫೋನ್ ಮಾಡ್ತೀನಿ."

ಹನುಮಂತರಾಯಪ್ಪನ ಮೇಣದ ಅಚ್ಚನ್ನು ಕೊಯ್ಯುವ ಯಂತ್ರಕ್ಕೆ ಸಿಕ್ಕಿಸಿದಳು. ನೆಲ ನಡುಗುತ್ತಿತ್ತು. ಕಿಟಕಿಯಿಂದ ಕೈ ಬೀಸಿದಳು.

"ಇವತ್ತಾಗಲ್ಲಕ್ಕಾ!" ರಾಜೇಂದ್ರ ಕೂಗಿದ. "ಲೋಡ್ ಹೋಗ್ಬೇಕು, ಓನರ್ ಇಲ್ಲೇ ನಿಂತವ್ರೆ!"

ಶೋಭಾರಾಣಿ ಎರಡೂ ಕೈ ಜೋಡಿಸಿದಳು. ಅವಳು ಹಾಗೆ ಎಂದೂ ಮಾಡಿದವಳಲ್ಲ. ರಾಜೇಂದ್ರ ಒಂದು ಕ್ಷಣ ನೋಡಿದ. ಆಮೇಲೆ ಯಂತ್ರದ ಹಿಂದಕ್ಕೆ ಬಗ್ಗಿ, "ಸಾರ್, ಬೆಲ್ಟು ಜಾರ್ತಾ ಇದೆ, ಒಂದತ್ತು ನಿಮಿಷ ನೋಡ್ಬೇಕು" ಎಂದ. ಪ್ರೆಸ್ಸು ನಿಂತಿತು. ನಡುಕ ನಿಂತ ನೆಲದ ಮೇಲೆ ತೆಳು ಪದರ ರೇಷ್ಮೆಯ ಹಾಗೆ ಇಳಿದು ಬಂತು.

ಕುಕ್ಕರು ಒಲೆಯ ಮೇಲೇರಿತು. ಮೂರು ಕೂಗಿತು. ಕೃಪಾ ಬಾಗಿಲಲ್ಲಿ ಬಂದು ನಿಂತಳು. ನಾಲ್ಕನೆಯದು ಕೂಗಿತು.

"ಅಕ್ಕಾ, ಮೂರಾಗ್ಹೋಯ್ತು."

"ನಂಗೂ ಕಿವಿ ಇದೆ."

ಐದನೆಯದು ಕೂಗಿದ ಮೇಲೆ ಒಲೆ ಆರಿಸಿದಳು. ಕೃಪಾ ಕುಕ್ಕರನ್ನೂ ಅವಳ ಮುಖವನ್ನೂ ನೋಡಿದಳು. ಸದ್ದಿಲ್ಲದೆ ಮುಂದಿನ ಹಂತಕ್ಕೆ ಬೇಕಾದ ದ್ರಾವಣಗಳನ್ನು ತಂದು ಸಾಲಾಗಿ ಜೋಡಿಸಿಟ್ಟು ಹೋದಳು.

ಮಧ್ಯಾಹ್ನ ಕಳೆದು ಬಣ್ಣ ಮೂಡಿತು. ತನ್ನ ಮೇಜಿನ ಹಳೆಯ ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡಿ ಶೋಭಾರಾಣಿ ಉಸಿರು ಬಿಟ್ಟಳು. ಕೋಶ ಕೋಶದ ಸುತ್ತಲೂ ಕಂದು ಗೆರೆ, ಎಲ್ಲೂ ಕಡಿಯದೆ, ಜೇನುಹಲ್ಲೆಯ ಹಾಗೆ. ಹನುಮಂತರಾಯಪ್ಪನ ಪಾಕ ಕೆಟ್ಟಿರಲಿಲ್ಲ.

ಸ್ಲೈಡು ಹಿಡಿದು ಡಾಕ್ಟರ ಕೋಣೆಗೆ ನಡೆದಳು. ಕೃಪಾ ಅಲ್ಲೇ ಸ್ಟೂಲಿನಲ್ಲಿದ್ದಳು. ಅವಳಿಲ್ಲದಾಗ ಹೇಳೋಣ ಎಂದು ಹೊಸ್ತಿಲಲ್ಲಿ ಕಾಲು ತಡೆಯಿತು. ಸಾಯಂಕಾಲ ಫೋನು ಮಾಡುತ್ತೇನೆಂದದ್ದು ನೆನಪಾಗಿ ಒಳಗೆ ಹೋದಳು.

"ಸಾರ್, ಹನುಮಂತರಾಯಪ್ಪ ಅವರ ಸ್ಟೇನ್ ನಿನ್ನೆ ಸರಿಯಾಗಿರ್ಲಿಲ್ಲ. ಬಾಟಲಿ ಹಬ್ಬದ ರಜೇಲೆಲ್ಲ ಹಾಗೇ ಇತ್ತು. ಜಾಸ್ತಿ ಬೇಯಿಸ್ಬೇಕಿತ್ತು. ಇದು ಈಗ ಮಾಡಿದ್ದು."

ಡಾಕ್ಟರು ಕನ್ನಡಕ ಮೇಲೇರಿಸಿದರು. "ಬಾಟಲಿ ತಡಾ ಆಗಿ ಬಂದದ್ದು ಯಾರಿಗೆ ಗೊತ್ತಿತ್ತು?"

"ನಂಗೊಬ್ಳಿಗೇ. ಕೃಪಾ ನಿನ್ನೆ ಬಂದು ಕೇಳಿದ್ಲು. ಸರಿಯಾಗಿದೆ ಅಂತ ನಾನೇ ಕಳಿಸ್ದೆ."

"ಇಲ್ಲ ಸಾರ್" ಕೃಪಾ ಅವಸರದಲ್ಲಿ ನಡುವೆ ಬಂದಳು, "ನಾನೇ ಸರಿಯಾಗ್ ಕೇಳ್ಲಿಲ್ಲ, ಅಕ್ಕಂಗೆ ಕೆಲಸದಲ್ಲಿ..."

"ಸುಮ್ನಿರೇ!" ಎಂದಳು ಶೋಭಾರಾಣಿ. "ಇದ್ರಲ್ಲೂ ನೀನೇ ಒಳ್ಳೇವ್ಳಾಗ್ಬೇಡ. ಗೊತ್ತಿದ್ದೇ ಹೇಳ್ಲಿಲ್ಲ ನಾನು. ನೀನು ಆ ಸ್ಟೂಲಲ್ಲಿ ಕೂತಿರ್ತೀಯಲ್ಲ, ಅದಕ್ಕೆ."

ಕೃಪಾ ತಾನು ಕೂತಿದ್ದ ಸ್ಟೂಲನ್ನು ಮೊದಲ ಸಲ ಕಂಡವಳಂತೆ ಬಗ್ಗಿ ನೋಡಿಕೊಂಡಳು.

ಡಾಕ್ಟರು ಸ್ಲೈಡು ಹಾಕಿ ನೋಡಿದರು, ಮೂಲೆಯಿಂದ ಮೂಲೆಗೆ. ಆಮೇಲೆ ಸರ್ಜನ್ನರಿಗೆ ಫೋನು ಮಾಡಿ, ನಿನ್ನೆ ಹೇಳಿದ್ದು ತಪ್ಪು, ತಪ್ಪು ನಮ್ಮ ಲ್ಯಾಬಿನದು, ಈ ಪ್ರೋಟೀನು ಗಟ್ಟಿಯಾಗಿಯೇ ಇದೆ, ಉಳಿದದ್ದನ್ನೆಲ್ಲ ತೂಗಿ ನೀವು ತೀರ್ಮಾನಿಸಿ ಎಂದರು. ಆ ಕಡೆಯವರು ಹೇಳಿದ್ದನ್ನು ಕೇಳಿ ಫೋನು ಇಟ್ಟರು.

"ಕೀಮೋ ಬ್ಯಾಡ, ಕಾದು ನೋಡೋಣ ಅನ್ನೋ ಕಡೀನೇ ಅವರ ಮನಸ್ಸು ಐತಿ. ಸೋಮವಾರ ಕೂತು ಗಟ್ಟಿ ಮಾಡ್ತಾರ" ಎಂದು ಶೋಭಾರಾಣಿಯ ಕಡೆ ತಿರುಗಿದರು. "ನಿನ್ನೆ ಹೇಳಿದ್ರ ಆ ಮನಿಯವರು ರಾತ್ರಿ ನೆಮ್ಮದೀಲೆ ಉಣ್ತಿದ್ರು ನೋಡ್ರಿ."

ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

"ಸೋಮವಾರದ ಮೀಟಿಂಗಿಗೆ ಕೃಪಾ ಬರ್ಲಿ. ಬಾಟಲಿ, ಕುಕ್ಕರು, ಯಾವುದಕ್ಕ ಎಷ್ಟು ಅಂತ ಎಲ್ಲಾ ಆಕಿಗೆ ಹೇಳಿಕೊಡ್ರಿ. ಒಂದೂ ಬಿಡಬ್ಯಾಡ್ರಿ."

"ಆಗಲಿ ಸಾರ್."

ಇದೂ ಹೋಯಿತು. ಸ್ಲೈಡಿನ ಪೆಟ್ಟಿಗೆ, ಆಸ್ಪತ್ರೆಯ ಮೆಟ್ಟಿಲು, "ಇವರು ನಮ್ಮ ಶೋಭಾರಾಣಿ" ಎಂದು ಡಾಕ್ಟರು ಪರಿಚಯ ಹೇಳುವ ಆ ಒಂದು ಮಾತು. ಅವಳು ಬಾಗಿಲ ಕಡೆ ತಿರುಗಿದಳು.

"ಎಲ್ಲಿಗೆ ಹೊಂಟ್ರಿ? ನೀವ ಮಾಡಿದ ಸ್ಟೇನು. ಬರ್ರಿ, ನೋಡ್ರಿ."

ಕೃಪಾ ಆಗಲೇ ಎದ್ದಾಗಿತ್ತು. ಸ್ಟೂಲನ್ನು ಇತ್ತ ಸರಿಸಿ, ಕೈ ಚಾಚಿ ಕೊಳವೆಗಳನ್ನು ಕೆಂಪು ಚುಕ್ಕೆಯ ತನಕ ತಿರುಗಿಸಿಟ್ಟಳು. ಹುಡುಕದೆ, ತಡಕಾಡದೆ, ದಿನವೂ ಮಾಡುವ ಕೆಲಸದ ಹಾಗೆ. ಹಾಗಾದರೆ ಆ ಚುಕ್ಕೆ ಯಾರದೆಂದು ಇವಳಿಗೆ ಮೊದಲಿಂದಲೂ ಗೊತ್ತಿತ್ತು. ಅಳಿಸದೆ ಉಳಿಸಿದ್ದಳು. ತನ್ನದೊಂದು ಚುಕ್ಕೆಯನ್ನೂ ಇಟ್ಟುಕೊಳ್ಳದೆ, ಪ್ರತಿ ಸಲ ಹೊಸದಾಗಿ ಅಳತೆ ಹುಡುಕಿಕೊಂಡು ಕೂರುತ್ತಿದ್ದಳು. ಶೋಭಾರಾಣಿಗೆ ಮತ್ತೆ ಹೊಟ್ಟೆಯಲ್ಲಿ ಉರಿ ಎದ್ದಿತು. ಇಷ್ಟು ಚಿಕ್ಕ ವಯಸ್ಸಿಗೆ ಇವಳಿಗೆ ಇದೆಲ್ಲ ಹೇಗೆ ಬಂತು? ನನಗೇಕೆ ಬರಲಿಲ್ಲ?

ಕೂತು ಕಣ್ಣಿಟ್ಟಳು. ಎರಡು ವೃತ್ತಗಳು ಥಟ್ಟನೆ ಒಂದಾದವು. ಜೇನುಹಲ್ಲೆ ಬೆಳಗುತ್ತಿತ್ತು.

"ಹ್ಞೂಂ" ಎಂದರು ಡಾಕ್ಟರು ಎದುರಿನಿಂದ.

ಅವಳು ಹೊರಗೆ ಬಂದು ಮೊದಲು ಅಂಜಿನಮ್ಮನಿಗೆ ಫೋನು ಮಾಡಿದಳು. ಸೋಮವಾರ ಡಾಕ್ಟರುಗಳು ಕೂತು ಹೇಳುತ್ತಾರೆ, ನಿನ್ನೆಯ ಸುದ್ದಿ ಮಾತ್ರ ಸುಳ್ಳು, ಪಾಕ ಚೆನ್ನಾಗಿದೆ ಎಂದಳು. ಆ ಕಡೆ "ರೀ, ಏಳ್ರೀ ಮ್ಯಾಕೆ, ಮುದ್ದೆ ಇಕ್ತೀನಿ" ಎಂಬ ಕೂಗು ಕೇಳಿಸಿತು. ಆಮೇಲೆ ಅವರೆಕಾಯಿಯನ್ನು ಎರಡು ಪಾಲು ಮಾಡಿದಳು. ದೊಡ್ಡದು ಯಾವುದೆಂದು ಒಂದು ಗಳಿಗೆ ನೋಡಿ, ಅದನ್ನೇ ಕೃಪಾಳ ಚೀಲಕ್ಕೆ ಸುರಿದಳು.

ಡಾಕ್ಟರು ಮನೆಗೆ ಹೊರಟ ಮೇಲೆ ನೇಲ್ ಪಾಲಿಶ್ ಬಾಟಲಿ ತೆಗೆದುಕೊಂಡು ಮೈಕ್ರೋಸ್ಕೋಪಿನ ಹತ್ತಿರ ಹೋದಳು.

"ಏ ಕೃಪಾ, ಬಾ ಇಲ್ಲಿ. ನಿನ್ ಕಣ್ಣಿಗೆ ಎಲ್ಲಿಗೆ ಸರಿಹೋಗುತ್ತೆ, ತಿರುಗ್ಸು."

ಕೃಪಾ ಕೂತು, ಕಣ್ಣಿಟ್ಟು, ತಿರುಗಿಸಿ ನಿಲ್ಲಿಸಿದಳು. "ಇಲ್ಲಿಗಕ್ಕಾ."

ಶೋಭಾರಾಣಿ ಉಸಿರು ಬಿಗಿಹಿಡಿದು ಅಲ್ಲೊಂದು ಕೆಂಪು ಚುಕ್ಕೆ ಇಟ್ಟಳು. ತನ್ನದಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಇಟ್ಟಳು.